ಒಂದೇ ದಿನದಲ್ಲಿ 800 ಕಿ.ಮೀ. ಡ್ರೈವಿಂಗ್: ಡಾಕ್ಟರ್ ಮೇಡಂಗೆ ಕೇಳಿ

ಅಡ್ಮಿನ್: ಈ ಭಾನುವಾರ ಉತ್ತರ ಕೊಡುವವರು ಹೈವೇ ಪಕ್ಕದ ಆಸ್ಪತ್ರೆಯ ಫಿಸಿಷಿಯನ್. ನಿದ್ದೆ, ಬೆನ್ನು, ಕಾಲು, ಶುಗರ್, ಏನಾದರೂ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ದಾವಣಗೆರೆ ಬೆಣ್ಣೆ: ನಮಸ್ಕಾರ ಮೇಡಂ. ರಾತ್ರಿ ಡ್ರೈವಿಂಗ್‌ಗೆ ಎಷ್ಟು ಕಾಫಿ ಕುಡಿಯಬಹುದು?

ಡಾಕ್ಟರ್: ನಮಸ್ಕಾರ. ಎಷ್ಟು ಅನ್ನುವುದಕ್ಕಿಂತ ಹೇಗೆ ಅನ್ನುವುದು ಮುಖ್ಯ. ಕಾಫಿ ತಲೆಗೆ ಹತ್ತಲು 20-30 ನಿಮಿಷ ಬೇಕು. ಸೇಫ್ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಂದು ಕಪ್ ಕುಡಿದು, ಸೀಟು ಹಿಂದಕ್ಕೆ ಮಾಡಿ, 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಏಳುವಷ್ಟರಲ್ಲಿ ಅದು ಕೆಲಸ ಶುರು ಮಾಡಿರುತ್ತದೆ. ಸ್ವಲ್ಪ ಹೊತ್ತು ತಳ್ಳಬಹುದು, ಇಡೀ ರಾತ್ರಿ ಅಲ್ಲ.

ಬೀದರ ಸೊಸೆ: ಮೇಡಂ, ನಮ್ಮ ಯಜಮಾನರು ಶುಕ್ರವಾರ ಆಫೀಸ್ ಮುಗಿಸಿ ಸಂಜೆ 7ಕ್ಕೆ ಬೆಂಗಳೂರು ಬಿಡುತ್ತಾರೆ. ಹೈದರಾಬಾದ್ ಮೇಲೆ ಬೀದರಕ್ಕೆ ಸುಮಾರು 700 ಕಿ.ಮೀ. ಒಬ್ಬರೇ ಓಡಿಸುತ್ತಾರೆ. ನಾನು, ಮಕ್ಕಳು ಹಿಂದೆ ಮಲಗಿರುತ್ತೇವೆ. ಹೋದ ಸಲ ಕರ್ನೂಲು ಆದ ಮೇಲಿನ ಟೋಲ್ ದಾಟಿದ್ದೇ ಅವರಿಗೆ ನೆನಪಿಲ್ಲ. ಫಾಸ್ಟ್ಯಾಗ್ ಮೆಸೇಜ್ ನೋಡಿ 'ಅರೆ, ಯಾವಾಗ ಬಂತು' ಅಂದರು. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಇದೇ ಶುಕ್ರವಾರ ಮತ್ತೆ ಹೊರಟಿದ್ದೇವೆ.

ಡಾಕ್ಟರ್: ಗೊರಕೆ ಹೊಡೆಯುತ್ತಾರಾ? ಗೊರಕೆ ನಡುವೆ ಉಸಿರು ನಿಂತ ಹಾಗಾಗಿ, ಆಮೇಲೆ ಧಡಕ್ಕನೆ ಎಳೆದುಕೊಳ್ಳುತ್ತಾರಾ? ಬಿಪಿ ಇದೆಯಾ?

ಬೀದರ ಸೊಸೆ: ಮೂರೂ ಹೌದು. ಸಿಗ್ನಲ್‌ನಲ್ಲಿ ನಿಂತಾಗಲೂ ತೂಕಡಿಸುತ್ತಾರೆ.

ನಮ್ಮೂರ ರೋಡು: ಗೊರಕೆ ಹೊಡೆದರೆ ಗಾಢ ನಿದ್ದೆ ಅಂತ ಅರ್ಥ ಅಲ್ವಾ?

ಡಾಕ್ಟರ್: ಅಲ್ಲ. ಅಮ್ಮಾ, ನೀವು ಹೇಳಿದ್ದು ನೋಡಿದರೆ ನನಗೆ ಸ್ಲೀಪ್ ಆಪ್ನಿಯಾ ಅನುಮಾನ. ಮಲಗಿದಾಗ ಗಂಟಲ ದಾರಿ ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮಿದುಳು ಬಡಿದು ಎಬ್ಬಿಸುತ್ತದೆ. ರಾತ್ರಿಗೆ ನೂರಾರು ಸಲ ಹೀಗಾಗಬಹುದು. ಬೆಳಗ್ಗೆ ಅವರಿಗೆ ಒಂದೂ ನೆನಪಿರುವುದಿಲ್ಲ. 'ಎಂಟು ಗಂಟೆ ಮಲಗಿದ್ದೆನಲ್ಲ' ಅನ್ನುತ್ತಾರೆ. ಮಲಗಿದ್ದು ನಿಜ, ನಿದ್ದೆ ಆಗಿಲ್ಲ.

ಇನ್ನು ಆ ರಾತ್ರಿಯ ಲೆಕ್ಕ. ಬೆಳಗ್ಗೆ 6ಕ್ಕೆ ಎದ್ದವರು ಅಂದುಕೊಳ್ಳಿ. ಅನಂತಪುರದ ಹತ್ತಿರ ರಾತ್ರಿ 11 ಆಗುತ್ತದೆ. ಅಲ್ಲಿಗೆ 17 ಗಂಟೆ ಎಚ್ಚರ. ಅಷ್ಟು ಹೊತ್ತು ಎದ್ದಿದ್ದವರ ಕೈ-ಕಣ್ಣು ಹೆಚ್ಚುಕಡಿಮೆ 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯ ಇದ್ದವರ ಹಾಗೆ ಕೆಲಸ ಮಾಡುತ್ತದೆ. ನಮ್ಮ ಕಾನೂನಿನ ಮಿತಿಯೇ 30. ಕರ್ನೂಲು ಮುಟ್ಟುವಾಗ ಎರಡು ಗಂಟೆ. 2ರಿಂದ 5ರವರೆಗೆ ಯಾರ ದೇಹವಾದರೂ ನಿದ್ದೆ ಕೇಳುತ್ತದೆ. ಟೋಲ್ ನೆನಪಿಲ್ಲ ಅಂದರೆ ಬರೀ ಯೋಚನೆಯಲ್ಲಿದ್ದರು ಅಂತ ಬಿಡುವ ಹಾಗಿಲ್ಲ, ಕಣ್ಣು ಬಿಟ್ಟುಕೊಂಡೇ ನಿದ್ದೆಗೆ ಜಾರಿರಬಹುದು. 100ರ ಸ್ಪೀಡಲ್ಲಿ ಮೂರು ಸೆಕೆಂಡ್ ಅಂದರೆ 83 ಮೀಟರ್. ಬೆಳಗಿನ ಜಾವ ನಮ್ಮ ಕ್ಯಾಶುವಾಲ್ಟಿಗೆ ಬರುವ ಇಂಥ ಕೇಸ್‌ಗಳಲ್ಲಿ ಪೊಲೀಸರು ಹೇಳುವ ಒಂದು ಮಾತು ನನಗೆ ಬಾಯಿಪಾಠ: 'ಬ್ರೇಕ್ ಹಾಕಿದ ಗುರುತೇ ಇಲ್ಲ ಮೇಡಂ.'

ಈ ಶುಕ್ರವಾರ ಅವರು ಓಡಿಸುವುದು ಬೇಡ. ಟ್ರೈನ್ ಇಲ್ಲ ಬಸ್. ಸೋಮವಾರವೇ ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರ್ ಹತ್ತಿರ ಹೋಗಿ ಸ್ಲೀಪ್ ಸ್ಟಡಿ, ಅಂದರೆ ಮಲಗಿದಾಗ ಉಸಿರಾಟ ನೋಡುವ ಪರೀಕ್ಷೆ, ಅದರ ಬಗ್ಗೆ ಕೇಳಿ. ಅವರು ಗೊರಕೆ ಹೊಡೆಯುವಾಗ ಎರಡು ನಿಮಿಷ ವಿಡಿಯೋ ಮಾಡಿಟ್ಟುಕೊಳ್ಳಿ. ಗಂಡಸರು 'ನಾನೆಲ್ಲಿ ಗೊರಕೆ' ಅಂತ ಡಾಕ್ಟರ್ ಮುಂದೆಯೇ ವಾದ ಮಾಡುತ್ತಾರೆ.

ಕರಾವಳಿ ಕಾರು: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ. ನಿದ್ದೆ ಬಂದರೆ ಹಸಿಮೆಣಸಿನಕಾಯಿ ಕಚ್ಚಿ, ಕಣ್ಣಿನ ಕೆಳಗೆ ಬಾಮ್ ಹಚ್ಚಿ. 100% ಗ್ಯಾರಂಟಿ.

ಡಾಕ್ಟರ್: ಕಣ್ಣಲ್ಲಿ ನೀರು ಸುರಿಸಿಕೊಂಡು ಲಾರಿ ಹಿಂದೆ ಹೋಗುವುದು ಯಾವ ಉಪಾಯ? ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಕಿಟಕಿ ತೆಗೆಯುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು, ಎಲ್ಲವೂ ಐದು ಹತ್ತು ನಿಮಿಷದ ಆಟ.

ಮೈಸೂರು ಮೈಲೇಜ್: ಬೆನ್ನಿಗೆ ದಿಂಬು ಯಾವುದು ಒಳ್ಳೆಯದು ಮೇಡಂ?

ಹುಬ್ಬಳ್ಳಿ ಎಕ್ಸ್‌ಪ್ರೆಸ್: ಸುಮ್ನೆ ಹೆದರಿಸುತ್ತೀರಿ. ನಾನು ಬೆಂಗಳೂರು-ಪುಣೆ 840 ಕಿ.ಮೀ. ಹತ್ತು ಗಂಟೆಯಲ್ಲಿ ಮುಗಿಸಿದ್ದೇನೆ. ಊಟಕ್ಕೂ ನಿಲ್ಲಿಸಿಲ್ಲ.

ನಮ್ಮೂರ ರೋಡು: ಆವರೇಜ್ 84? ಟೋಲು, ಕೊಲ್ಹಾಪುರ-ಸಾತಾರಾ ಕಾಮಗಾರಿ ಎಲ್ಲ ಸೇರಿಸಿ? ಹಾರಿಕೊಂಡು ಹೋದಿರಾ?

ವಿಜಯಪುರ ಮಂದಿ: ಆ ರೋಡು ಯಾಕ ಹಿಡೀತೀರಿ? ಚಿತ್ರದುರ್ಗದಿಂದ ಹೊಸಪೇಟೆ, ವಿಜಯಪುರ, ಸೊಲ್ಲಾಪುರ ಹಿಡಿದು ಹೋಗ್ರಿ. ಗಾಡಿ ಕಡಿಮೆ.

ಹುಬ್ಬಳ್ಳಿ ಎಕ್ಸ್‌ಪ್ರೆಸ್: ಸುತ್ತು ಹಾಕಿಕೊಂಡು ನೀವೇ ಹೋಗಿ. ಓಡಿಸಲು ಬರದವರಿಗೆ ಎಲ್ಲ ರೋಡೂ ಕೆಟ್ಟದ್ದೇ.

ಹಳೇ ಸ್ಟೇರಿಂಗ್: ನಾನು 22 ವರ್ಷ ಬಸ್ ಓಡಿಸಿದವನು. ದೂರದ ಗಾಡಿಗೆ ನಾವು ಇಬ್ಬರು ಡ್ರೈವರ್. ನಮ್ಮ ಕಾಲದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಅಂತಿತ್ತು. ಸಂಬಳ ತಗೊಂಡು ಓಡಿಸುವವರಿಗೇ ಇಷ್ಟು. ನೀವು ಬಿಟ್ಟಿಯಾಗಿ 14 ಗಂಟೆ ಕೂರುತ್ತೀರಲ್ಲಪ್ಪ.

ಡಾಕ್ಟರ್: ಅಣ್ಣಾ, ನೀವೇ ಉತ್ತರ ಕೊಡಿ, ನಾನು ಊಟ ಮಾಡಿ ಬರುತ್ತೇನೆ.

ತುಮಕೂರು ತಮ್ಮ: ರಾತ್ರಿ ಡ್ರೈವಿಂಗ್‌ಗೆ ಕಾಫಿ ಒಳ್ಳೆಯದಾ ಟೀ ಒಳ್ಳೆಯದಾ?

ಡಾಕ್ಟರ್: ಮೇಲೆ ಓದಿ.

ಗದಗ ಗೆಳತಿ: ನೆಗಡಿಗೆ ಸೆಟ್ರಿಜಿನ್ ತಗೊಂಡು ಓಡಿಸಬಹುದಾ?

ಡಾಕ್ಟರ್: ಬೇಡ. ಕೆಮ್ಮಿನ ಸಿರಪ್ಪೂ ಬೇಡ. ಕೆಲವರಿಗೆ ಮಾರನೇ ಬೆಳಗ್ಗೆವರೆಗೂ ಮಂಪರು ಇರುತ್ತದೆ.

ಪುಣೆ ಕನ್ನಡಿಗ: ಮೇಡಂ, ಗುರುವಾರ ಪುಣೆಯಿಂದ ಬೆಂಗಳೂರಿಗೆ 15 ಗಂಟೆ ಓಡಿಸಿದೆ. ಆಟೋಮ್ಯಾಟಿಕ್ ಗಾಡಿ, ಎಡಗಾಲಿಗೆ ಕೆಲಸವೇ ಇರಲಿಲ್ಲ. ನಿನ್ನೆಯಿಂದ ಎಡ ಮೀನಖಂಡ ಮಾತ್ರ ಬಾತಿದೆ. ಕಾಲುಚೀಲ ಬಿಚ್ಚಿದರೆ ಗೆರೆ ಆಳವಾಗಿ ಕೂತಿದೆ. ಮುಟ್ಟಿದರೆ ಬಿಸಿ. ಏನು ಹಚ್ಚಲಿ?

ಕರಾವಳಿ ಕಾರು: ಬಿಸಿ ಎಣ್ಣೆಯಲ್ಲಿ ಚೆನ್ನಾಗಿ ತಿಕ್ಕಿಸಿ. ವಾತ. ಎರಡು ದಿನದಲ್ಲಿ ಇಳಿಯುತ್ತದೆ.

ಡಾಕ್ಟರ್: ತಿಕ್ಕಬೇಡಿ!! ಪುಣೆಯವರೇ, ಒಂದೇ ಕಾಲು ಬಾತು ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಈಗಲೇ ಆಸ್ಪತ್ರೆಗೆ ಹೋಗಿ, ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು. ನೀವು ಓಡಿಸಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108.

ಕರಾವಳಿ ಕಾರು: ನಮ್ಮಜ್ಜಿ ಎಷ್ಟೋ ಜನರ ಕಾಲು ಎಣ್ಣೆಯಲ್ಲೇ ವಾಸಿ ಮಾಡಿದ್ದಾರೆ. ನಿಮಗೆ ಸ್ಕ್ಯಾನ್ ಬರೆದರೇ ಸಮಾಧಾನ.

ಡಾಕ್ಟರ್: ನನಗೆ ಇದರಲ್ಲಿ ಐದು ಪೈಸೆ ಸಿಗುವುದಿಲ್ಲ. ಅಡ್ಮಿನ್, ಆ ಎಣ್ಣೆ ಪೋಸ್ಟ್ ತೆಗೆಯಿರಿ.

ಹುಬ್ಬಳ್ಳಿ ಎಕ್ಸ್‌ಪ್ರೆಸ್: ಇದೇ ನೋಡಿ, ಬೇರೆ ಅಭಿಪ್ರಾಯ ಹೇಳುವ ಹಾಗೇ ಇಲ್ಲ.

ಮೈಸೂರು ಮೈಲೇಜ್: ಬೆನ್ನಿನ ದಿಂಬು ಕೇಳಿದ್ದೆ ಮೇಡಂ.

ಶಿರಾ ಸ್ಪೀಡ್: ಕಾಫಿ ಬದಲು ಎನರ್ಜಿ ಡ್ರಿಂಕ್ ಆಗುತ್ತಾ?

ಡಾಕ್ಟರ್: ಸ್ವಲ್ಪ ಎಲ್ಲರೂ ಸುಮ್ಮನಿರಿ. ಪುಣೆಯವರೇ, ಹೊರಟಿರಾ?

ಡಾಕ್ಟರ್: ಪುಣೆಯವರೇ?

ಪುಣೆ ಕನ್ನಡಿಗ: ಆಟೋದಲ್ಲಿದ್ದೇನೆ ಮೇಡಂ. ತಮ್ಮ ಜೊತೆಗಿದ್ದಾನೆ. ಸಿಲ್ಕ್ ಬೋರ್ಡ್ ಹತ್ತಿರ ನಿಂತುಬಿಟ್ಟಿದೆ.