ಫಿನ್‌ಲ್ಯಾಂಡಿನ ಶಾಲೆ ನೋಡಲು ಹೊರಟಿದ್ದೇನೆ, ಹೋಗಿ ಬಂದವರು ಸ್ವಲ್ಪ ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿ ಉಪನಗರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್. ಹೆಲ್ಸಿಂಕಿಯ ಒಂದು ಶಾಲೆಯವರು ಒಂದು ವಾರ ಬಂದು ಪಾಠ ನೋಡಿ ಎಂದು ಕರೆದಿದ್ದಾರೆ. ಫೆಬ್ರವರಿ ಅಥವಾ ಮೇ, ಯಾವುದು ಅನುಕೂಲವೋ ತಿಳಿಸಿ ಎಂದಿದ್ದಾರೆ. ವಿಮಾನ ಹತ್ತುವುದೇ ಇದು ಮೊದಲು. ಬೇರೆ ದೇಶದ ಶಾಲೆ ನೋಡಿ ಬಂದವರು ಇದ್ದರೆ ಹೇಳಿ. ಯಾವಾಗ ಹೋಗಲಿ, ಏನು ನೋಡಲಿ, ಏನು ಒಯ್ಯಲಿ? ಇನ್ನೊಂದು ಅಳುಕು ಇದೆ. ನಮ್ಮದು ಎರಡು ಪಾಳಿಯ ಶಾಲೆ, ಮಕ್ಕಳ ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ. ಅವರು ನಿಮ್ಮ ಶಾಲೆ ಹೇಗೆ ಎಂದು ಕೇಳಿದರೆ ಏನು ಹೇಳಲಿ?

ಠಾಣೆಯಿಂದ, ಹೈಸ್ಕೂಲ್ ಶಿಕ್ಷಕ

ಮೇ ತಿಂಗಳು ಎಂದೇ ಬರೆಯಿರಿ ಟೀಚರ್. ಹೆಲ್ಸಿಂಕಿ ಕಡೆ ಫೆಬ್ರವರಿ ಮೂರನೇ ವಾರದ ಹೊತ್ತಿಗೆ ಶಾಲೆಗೆ ಒಂದು ವಾರ ಚಳಿಗಾಲದ ರಜೆ. ಉತ್ತರದ ಊರುಗಳಿಗೆ ಅದೇ ರಜೆ ಮಾರ್ಚ್‌ನಲ್ಲಿ ಬರುತ್ತದೆ. ದಿನಾಂಕ ಸ್ವಲ್ಪ ಆಚೀಚೆ ಆದರೂ ಬೀಗ ಹಾಕಿದ ಶಾಲೆ ನೋಡಿ ಬರಬೇಕಾದೀತು. ಮೇ ಆದರೆ ನಮ್ಮ ಮಹಾರಾಷ್ಟ್ರದ ಶಾಲೆಗಳಿಗೆ ರಜೆ, ಅವರ ಶಾಲೆ ಮಾತ್ರ ತಿಂಗಳ ಕೊನೆಯವರೆಗೂ ನಡೆಯುತ್ತದೆ. ಪಾಠ ಬಿಟ್ಟು ಹೋದರು ಅನ್ನುವ ಮಾತೂ ಬರುವುದಿಲ್ಲ. ಮೇ 1 ಅಲ್ಲೂ ರಜೆ, ಅದೊಂದು ಬಿಟ್ಟು ಆರಿಸಿಕೊಳ್ಳಿ.

ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆ ಹಾಕಲೇಬೇಕು. ಮೇಗೆ ಹೋಗುವವರು ಮಾರ್ಚ್‌ನಲ್ಲೇ ಮುಗಿಸಿ, ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು. ಆಹ್ವಾನ ಪತ್ರ ಶಾಲೆಯ ಲೆಟರ್‌ಹೆಡ್‌ನಲ್ಲಿ ಇರಲಿ. ಎಂದಿನಿಂದ ಎಂದಿನವರೆಗೆ, ಖರ್ಚು ಯಾರದು, ಎಲ್ಲಿ ಉಳಿಯುತ್ತೀರಿ, ಇಷ್ಟನ್ನೂ ಬರೆಸಿಕೊಳ್ಳಿ. ನಿಮ್ಮ ಸಂಸ್ಥೆಯ ಎನ್‌ಒಸಿಗೆ ಇವತ್ತೇ ಅರ್ಜಿ ಕೊಡಿ. ಎಲ್ಲಕ್ಕಿಂತ ತಡವಾಗುವ ಕಾಗದ ಅದೇ.

ಪುಣೆಯಿಂದ, ನಿವೃತ್ತ ಪ್ರಾಥಮಿಕ ಶಿಕ್ಷಕಿ

ತಂಗೀ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ನಾನು ನಿವೃತ್ತಿಗೆ ಮುಂಚೆ ಫಿನ್‌ಲ್ಯಾಂಡಿಗೆ ಹೋಗಿ ಬಂದವಳು. ಮೊದಲೇ ಒಂದು ಮಾತು. ದಿನಕ್ಕೊಂದು ಶಾಲೆ ತೋರಿಸುತ್ತೇವೆ ಎಂದರೆ ಒಪ್ಪಬೇಡಿ. ಒಂದೇ ತರಗತಿಯಲ್ಲಿ ವಾರವಿಡೀ ಕೂರಲು ಬಿಡಿ ಎಂದು ಕೇಳಿಕೊಳ್ಳಿ. ಮೊದಲ ದಿನ ಮಕ್ಕಳು ನಿಮ್ಮನ್ನೇ ನೋಡುತ್ತಾರೆ, ಟೀಚರೂ ಸ್ವಲ್ಪ ಬಿಗಿಯಾಗಿ ಇರುತ್ತಾರೆ. ಆಮೇಲೆ ನೀವು ಇದ್ದೀರಿ ಅನ್ನುವುದೇ ಮರೆತುಹೋಗುತ್ತದೆ. ನಿಜವಾದ ಪಾಠ ಕಾಣುವುದು ಆಗ.

ಯಾವ ತರಗತಿ ಎಂದು ಕೇಳಿದರೆ ಒಂದು ಮತ್ತು ಎರಡು ಎನ್ನಿ. ಅಲ್ಲಿ ಮಗುವಿಗೆ ಏಳು ತುಂಬುವ ವರ್ಷ ಒಂದನೇ ತರಗತಿ. ನಿಮ್ಮ ಮೂರನೇ ತರಗತಿಯ ವಯಸ್ಸಿನ ಮಕ್ಕಳು ಅಲ್ಲಿ ಎರಡನೆಯದರಲ್ಲಿ ಸಿಗುತ್ತಾರೆ. ಒಂದನೇ ತರಗತಿಯ ಓದನ್ನಂತೂ ಬಿಡಲೇಬೇಡಿ. ಅವರ ಭಾಷೆಯನ್ನೂ ನಮ್ಮ ಹಾಗೆ ಬರೆದಂತೆಯೇ ಓದುತ್ತಾರೆ. ಒಂದನೇ ತರಗತಿಯ ಪುಸ್ತಕದಲ್ಲಿ ಪ್ರತಿ ಶಬ್ದವನ್ನೂ ಸಣ್ಣ ಗೆರೆ ಹಾಕಿ ತುಂಡು ತುಂಡಾಗಿ ಅಚ್ಚು ಮಾಡಿರುತ್ತಾರೆ. ನಾನು ಕೂತಿದ್ದ ಕಡೆ ಮಕ್ಕಳು ತುಂಡಿಗೊಂದು ಚಪ್ಪಾಳೆ ತಟ್ಟಿ ಓದುತ್ತಿದ್ದರು. ಒಬ್ಬ ಹುಡುಗ ಮೂರನೇ ತುಂಡಿಗೆ ಬಂದು ನಿಂತುಬಿಟ್ಟ. ಕೈ ಗಾಳಿಯಲ್ಲೇ ಇತ್ತು. ಟೀಚರ್ ಹೇಳಿಕೊಡಲಿಲ್ಲ, ಪಕ್ಕದವರೂ ಹೇಳಲಿಲ್ಲ. ಸುಮ್ನೆ ಕಾದರು. ಅವನು ಮತ್ತೆ ಮೊದಲಿನಿಂದ ತಟ್ಟಿಕೊಂಡು ಬಂದು ಪೂರ್ತಿ ಓದಿದ. ಆ ಕಾಯುವಿಕೆ ನೋಡಲು ಅಷ್ಟು ದೂರ ಹೋಗಿದ್ದು ಸಾರ್ಥಕ ಅನ್ನಿಸಿತು. ನಮ್ಮಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಕ್ಕಳು ಎಷ್ಟು ಜನ, ಅಲ್ವಾ? ಬಂದ ಮೇಲೆ ನಾನೂ ಕನ್ನಡ ಪಾಠದಲ್ಲಿ ಚಪ್ಪಾಳೆ ಶುರು ಮಾಡಿದೆ, ಇದಕ್ಕೆ ದುಡ್ಡೂ ಬೇಡ, ಕಟ್ಟಡವೂ ಬೇಡ.

ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತಾರೆ ಎಂದು ಕೇಳಿ. ವಿಶೇಷ ಶಿಕ್ಷಕರು ಎಂದು ಬೇರೆಯೇ ಇರುತ್ತಾರೆ. ಇಬ್ಬರು ಮೂವರು ಮಕ್ಕಳನ್ನು ಸ್ವಲ್ಪ ಹೊತ್ತು ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಓದಿಸಿ, ಮತ್ತೆ ತರಗತಿಗೆ ಬಿಡುತ್ತಾರೆ. ಅದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ಸಾಧ್ಯವಾದರೆ ಅವರ ಜೊತೆಗೂ ಒಂದು ದಿನ ಕೂರಿ.

ಕರಕುಶಲ ತರಗತಿಯನ್ನೂ ನೋಡಿ. ಹುಡುಗ ಹುಡುಗಿ ಭೇದವಿಲ್ಲದೆ ಎಲ್ಲರಿಗೂ ಹೊಲಿಗೆ, ಎಲ್ಲರಿಗೂ ಮರಗೆಲಸ. ಏಳನೇ ತರಗತಿಯಲ್ಲಿ ಅಡುಗೆ, ಪಾತ್ರೆ ತೊಳೆಯುವುದು ಕೂಡ ಪಾಠವೇ.

ಊಟ 1948ರಿಂದ ಎಲ್ಲ ಮಕ್ಕಳಿಗೂ ಉಚಿತ. ಹನ್ನೊಂದರ ಸುಮಾರಿಗೇ ಮುಗಿಯುತ್ತದೆ. ಸಸ್ಯಾಹಾರಿ ಎಂದು ಮೊದಲೇ ಬರೆದು ತಿಳಿಸಿ, ತೊಂದರೆ ಇಲ್ಲ. ಬಾಗಿಲ ಹತ್ತಿರ ಒಂದು ತಟ್ಟೆಯಲ್ಲಿ ಯಾವುದನ್ನು ಎಷ್ಟು ಹಾಕಿಕೊಳ್ಳಬೇಕು ಎಂದು ತೋರಿಸಿ ಇಟ್ಟಿರುತ್ತಾರೆ, ಮಕ್ಕಳು ಅದನ್ನು ನೋಡಿ ತಾವೇ ಬಡಿಸಿಕೊಳ್ಳುತ್ತಾರೆ. ಉಪ್ಪಿನಕಾಯಿ ಬಾಟಲಿ ನಿಮ್ಮ ರೂಮಿಗೆ ಮಾತ್ರ ಇಟ್ಟುಕೊಳ್ಳಿ.

ಒಂದು ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಆ ದೇಶದಲ್ಲಿ ಸುಮಾರು ಶೇಕಡಾ 5ರಷ್ಟು ಜನರ ಮಾತೃಭಾಷೆ ಸ್ವೀಡಿಷ್. ಅವರಿಗೆ ಸ್ವೀಡಿಷ್ ಮಾಧ್ಯಮದ ಶಾಲೆಗಳು ಬೇರೆಯೇ ಇವೆ, ಹೆಲ್ಸಿಂಕಿಯಲ್ಲೂ ಇವೆ. ಆ ಮಕ್ಕಳು ಫಿನ್ನಿಷ್ ಕೂಡ ಕಲಿಯುತ್ತಾರೆ. ಮರಾಠಿ ನಾಡಿನಲ್ಲಿ ಕನ್ನಡ ಶಾಲೆ ನಡೆಸುವ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿ ಸಿಗುತ್ತದೆ? ಒಂದು ದಿನವಾದರೂ ಅಂಥ ಶಾಲೆಗೆ ಕರೆದುಕೊಂಡು ಹೋಗಿ ಎಂದು ಈಗಲೇ ಬರೆಯಿರಿ. ಕಡಿಮೆ ಜನರ ಭಾಷೆ ಎಂದು ಅಲ್ಲಿ ಯಾರೂ ಅದನ್ನು ಕಡಿಮೆ ಮಾಡಿ ನೋಡುವುದಿಲ್ಲ. ಎರಡೂ ಅಲ್ಲಿ ರಾಷ್ಟ್ರಭಾಷೆಗಳೇ.

ಹಾಗೆಂದು ಎಲ್ಲದಕ್ಕೂ ತಲೆ ಬಾಗಬೇಕಿಲ್ಲ. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯಲ್ಲಿ ಒಂದು ಕಾಲಕ್ಕೆ ಮೇಲಿದ್ದ ಅವರ ಅಂಕಗಳು 2006ರ ನಂತರ ಇಳಿಯುತ್ತಾ ಬಂದಿವೆ. ಪಾಠದ ಹೊತ್ತಿನಲ್ಲಿ ಮೊಬೈಲ್ ಬಳಕೆಗೆ ತಡೆ ಹಾಕುವ ಕಾನೂನು 2025ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿದೆ. ಅವರಿಗೂ ಚಿಂತೆಗಳಿವೆ. ಟೀಚರ್ಸ್ ರೂಮಿನಲ್ಲಿ ಕಾಫಿ ಕುಡಿಯುತ್ತಾ ಕೇಳಿದರೆ ಬಿಚ್ಚಿ ಹೇಳುತ್ತಾರೆ.

ಗೋವಾ, ವಾಸ್ಕೊದಿಂದ, ಕನ್ನಡ ಶಾಲೆಯ ಶಿಕ್ಷಕ

ಮೇಡಂ, ನಾನು ನೋಡಿದ್ದು ಜಪಾನ್. ದೇಶ ಬೇರೆ, ಆದರೆ ನೋಡುವ ಬಗೆ ನಿಮಗೂ ಉಪಯೋಗವಾಗಬಹುದು. ಅಲ್ಲಿ ಒಬ್ಬರ ಪಾಠವನ್ನು ಬೇರೆ ಶಿಕ್ಷಕರೆಲ್ಲ ಗೋಡೆ ಸುತ್ತ ನಿಂತು ನೋಡುವ ಪದ್ಧತಿ ಇದೆ. ನೋಡುವವರ ಗಮನ ಟೀಚರ್ ಮೇಲಲ್ಲ, ಮಕ್ಕಳ ಮೇಲೆ. ನನ್ನ ಪಕ್ಕದವರು ಪಾಠ ಮುಗಿಯುವವರೆಗೂ ಒಂದೇ ಹುಡುಗಿಯನ್ನು ನೋಡುತ್ತಿದ್ದರು. ಎಲ್ಲಿ ಅಳಿಸಿದಳು, ಯಾವಾಗ ಪಕ್ಕಕ್ಕೆ ಇಣುಕಿದಳು, ಎಲ್ಲ ಬರೆದುಕೊಂಡರು. ಆಮೇಲೆ ಎಲ್ಲರೂ ಕೂತು ಅದನ್ನೇ ಚರ್ಚಿಸಿದರು. ನೀವೂ ಒಂದು ಬೆಂಚು ಹಿಡಿದುಕೊಳ್ಳಿ.

ಕಪ್ಪುಹಲಗೆಯನ್ನೂ ಗಮನಿಸಿ. ಜಪಾನಿನಲ್ಲಿ ಒಳ್ಳೆ ಶಿಕ್ಷಕರು ಪಾಠದ ನಡುವೆ ಹಲಗೆ ಒರೆಸುವುದಿಲ್ಲ. ಎಡಗಡೆ ಪ್ರಶ್ನೆ, ನಡುವೆ ಮಕ್ಕಳು ಹೇಳಿದ ದಾರಿಗಳು, ಬಲಗಡೆ ಕೊನೆಗೆ ಸಿಕ್ಕಿದ್ದು. ಗಂಟೆ ಹೊಡೆಯುವಾಗ ಇಡೀ ಪಾಠ ಹಲಗೆ ಮೇಲೆ ಇರುತ್ತದೆ. ನಾನು ಈಗ ಗಣಿತಕ್ಕೆ ಹಾಗೇ ಮಾಡುತ್ತೇನೆ. ತಡವಾಗಿ ಬಂದ ಮಗುವಿಗೂ ಎಲ್ಲಿಂದ ಎಲ್ಲಿಗೆ ಬಂದೆವು ಅನ್ನುವುದು ಗೊತ್ತಾಗುತ್ತದೆ.

ಡೊಂಬಿವಲಿಯಿಂದ, ಮುಖ್ಯ ಶಿಕ್ಷಕ

ನಮ್ಮ ಶಾಲೆ ಬಗ್ಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಅಳುಕು ಯಾಕೆ? ನಿಮ್ಮ ಮಕ್ಕಳು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಕಲಿಯುತ್ತಾರೆ, ಎಷ್ಟೋ ಜನ ಮನೆಯಲ್ಲಿ ತುಳು ಆಡುತ್ತಾರೆ. ಅದನ್ನು ಹೇಳಿ. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂದು ಹೇಳಿ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಮ್ಯಾಟ್ರಿಕ್ ಮಾಡಿದ ನಮ್ಮ ಹಿರಿಯರ ಕಥೆ ಹೇಳಿ. ಮಕ್ಕಳು ಇಳಿಯುತ್ತಿರುವುದನ್ನೂ ಮುಚ್ಚಿಡಬೇಡಿ. ಅವರಲ್ಲೂ ಮಕ್ಕಳು ಹುಟ್ಟುವುದು ಕಡಿಮೆಯಾಗಿ ಶಾಲೆಗಳು ಮುಚ್ಚುತ್ತಿವೆ, ಮಾತಿಗೆ ಮಾತು ಸಿಗುತ್ತದೆ.

ಉಡುಗೊರೆಗೆ ಗಂಧದ ಆನೆ ಬೇಡ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಒಂದನೇ ತರಗತಿಯ ಕನ್ನಡ ಪುಸ್ತಕ ಒಯ್ಯಿರಿ. ನಿಮ್ಮ ಮಕ್ಕಳಿಂದ ಒಂದೊಂದು ಪುಟ ಬರೆಸಿ: ಮನೆಯಿಂದ ಶಾಲೆಗೆ ಹೇಗೆ ಬರುತ್ತೇನೆ ಎಂದು. ಲೋಕಲ್ ರೈಲು, ಮಳೆಗಾಲದ ನೀರು, ಎಲ್ಲ ಬರುತ್ತದೆ. ಅಲ್ಲಿನ ಮಕ್ಕಳಿಂದಲೂ ಅದೇ ವಿಷಯಕ್ಕೆ ಉತ್ತರ ಬರೆಸಿಕೊಂಡು ಬನ್ನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇ ಎಂದು ಬರೆದೆ, ಸ್ವೀಡಿಷ್ ಶಾಲೆಯ ಮಾತನ್ನೂ ಸೇರಿಸಿದೆ. ಪುಟ ಬರೆಸುವುದು ನಾಳೆಯಿಂದಲೇ. ಇನ್ನೊಂದೇ ಪ್ರಶ್ನೆ, ತರಗತಿಯ ಫೋಟೊ ತೆಗೆಯಬಹುದಾ?

ಪುಣೆಯಿಂದ, ನಿವೃತ್ತ ಪ್ರಾಥಮಿಕ ಶಿಕ್ಷಕಿ

ಮಕ್ಕಳ ಮುಖ ಬರುವ ಫೋಟೊ ಕೇಳದೆ ತೆಗೆಯಬೇಡಿ ತಂಗೀ, ಯುರೋಪಿನಲ್ಲಿ ಅದಕ್ಕೆ ಕಾನೂನು ಬಿಗಿ. ಗೋಡೆ, ಹಲಗೆ, ಪುಸ್ತಕದ ಪುಟ ಕೂಡ ಟೀಚರನ್ನು ಕೇಳಿಯೇ ತೆಗೆಯಿರಿ. ಉಳಿದದ್ದಕ್ಕೆ ಒಂದು ದಪ್ಪ ನೋಟ್‌ಬುಕ್ ಇಟ್ಟುಕೊಳ್ಳಿ, ಆಯಾ ದಿನದ್ದು ಆಯಾ ಸಂಜೆಯೇ ಬರೆಯಿರಿ. ಮೇನಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಸಮಯ ಬೇಕಾದಷ್ಟು ಸಿಗುತ್ತದೆ. ಬೇಸಿಗೆ ಎಂದು ಸ್ವೆಟರ್ ಬಿಟ್ಟು ಹೋಗಬೇಡಿ. ಹಾಗೇ ಎರಡು ಜೊತೆ ದಪ್ಪ ಕಾಲುಚೀಲ ಇರಲಿ, ಎಷ್ಟೋ ಶಾಲೆಗಳಲ್ಲಿ ಶೂ ಬಾಗಿಲಲ್ಲೇ ಬಿಡಬೇಕು.