ಕೊಡಗಿನ ತೋಟದೊಳಗಿನ ಪೂಲ್ ವಿಲ್ಲಾ: ಮುಂಗಡ ಕೊಡುವ ಮುಂಚೆ ಏನೇನು ಕೇಳಬೇಕು?

ಹಾಸನದ ಹುಡುಗಿ

ಅಪ್ಪ, ಅಮ್ಮನನ್ನು ಕರೆದುಕೊಂಡು ಎರಡು ರಾತ್ರಿ ಉಳಿಯಲು ಕಕ್ಕಬ್ಬೆ ಕಡೆ ಆರೇ ವಿಲ್ಲಾ ಇರುವ ಒಂದು ರೆಸಾರ್ಟ್ ನೋಡಿಟ್ಟಿದ್ದೇವೆ. ಸುತ್ತ ಕಾಫಿ ತೋಟ, ಅಕ್ಕಪಕ್ಕ ಮನೆಯಿಲ್ಲ. ಪ್ರತಿ ವಿಲ್ಲಾಗೂ ಸ್ವಂತ ಪೂಲ್, ಬಾತ್‌ಟಬ್ ಇದೆ. ಡಿಸೆಂಬರ್‌ನಲ್ಲಿ ವಿಲ್ಲಾಗೆ ರಾತ್ರಿಗೆ 18,000 ರೂ., ಜುಲೈ ಕೊನೆಗಾದರೆ 11,000 ರೂ. ಅಂತಾರೆ. ಅಮ್ಮನಿಗೆ ಮಂಡಿನೋವು, ಅಪ್ಪ ಶುದ್ಧ ಸಸ್ಯಾಹಾರಿ. ಬೆಂಗಳೂರಿನಿಂದ ಡ್ರೈವರ್ ಜೊತೆ ಕಾರಿನಲ್ಲಿ ಬರುತ್ತೇವೆ. ಮಳೆಗಾಲದ ರಿಯಾಯಿತಿ ತಗೊಳ್ಳೋದಾ, ಬೇಡವಾ? ಫೋನ್ ಮಾಡಿದಾಗ ಏನು ಕೇಳಬೇಕು?

ಪಂಪ್‌ಹೌಸ್

ಮೊದಲು ಪೂಲಿನ ವಿಷಯ. ಫೋಟೋದಲ್ಲಿ ಹಬೆಯಾಡುವ ನೀಲಿ ನೀರು ನೋಡಿ ದುಡ್ಡು ಕೊಡಬೇಡಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಆ ಸುತ್ತಿನ ಬೆಟ್ಟಸಾಲಿನ ರೆಸಾರ್ಟುಗಳೂ ಹೆಚ್ಚುಕಡಿಮೆ ಹಾಗೇ. ಬಿಸಿ ಮಾಡದ ನೀರು ಡಿಸೆಂಬರ್‌ನಲ್ಲಿ 18–20 ಡಿಗ್ರಿ ಆಸುಪಾಸು ಇರುತ್ತದೆ. ಕಾಲು ಇಳಿಬಿಡಬಹುದು, ಈಜಲಾಗದು. ವಯಸ್ಸಾದವರಿಗೆ 28 ಡಿಗ್ರಿಯಾದರೂ ಬೇಕು.

ಲೆಕ್ಕ ನೋಡಿ. 6 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳದ ಪೂಲಿನಲ್ಲಿ 21,600 ಲೀಟರ್ ನೀರು. ಅದನ್ನು 18ರಿಂದ 28ಕ್ಕೆ ಏರಿಸಲು ಸುಮಾರು 250 ಯೂನಿಟ್‌ನಷ್ಟು (ಕಿಲೋವ್ಯಾಟ್-ಗಂಟೆ) ಶಾಖ ಬೇಕು. 12 ಕಿಲೋವ್ಯಾಟ್ ಶಾಖ ಕೊಡುವ ಹೀಟ್ ಪಂಪ್ (ಪೂಲಿನ ನೀರು ಕಾಯಿಸುವ ಯಂತ್ರ) ಇದ್ದರೂ 20 ಗಂಟೆ ದಾಟುತ್ತದೆ. ಅಂದರೆ ನೀವು ಮಧ್ಯಾಹ್ನ ಚೆಕ್ ಇನ್ ಆದ ಮೇಲೆ ಸ್ವಿಚ್ ಹಾಕಿದರೆ ಮರುದಿನ ಬೆಳಿಗ್ಗೆಯ ಕಾಫಿ ಹೊತ್ತಿಗೂ ಬೆಚ್ಚಗಾಗಿರುವುದಿಲ್ಲ. "ಹೀಟೆಡ್ ಪೂಲ್ ಇದೆಯಾ" ಅಂತಲ್ಲ, "ಹಿಂದಿನ ದಿನವೇ ಬಿಸಿಗೆ ಹಾಕಿಡ್ತೀರಾ, ರಾತ್ರಿ ಕವರ್ ಮುಚ್ತೀರಾ" ಅಂತ ಕೇಳಿ. ಕವರ್ ಇಲ್ಲದಿದ್ದರೆ ರಾತ್ರಿ ಆವಿಯಾಗಿಯೇ ಬಹಳಷ್ಟು ಶಾಖ ಹೋಗುತ್ತದೆ.

ಬಾತ್‌ಟಬ್ ಇನ್ನೊಂದು ಮೋಸ. 250 ಲೀಟರ್ ಟಬ್ ತುಂಬಲು 60 ಡಿಗ್ರಿಯ ಬಿಸಿನೀರೇ 130 ಲೀಟರ್ ಬೇಕು. ಎಷ್ಟೋ ಕಡೆ 25 ಲೀಟರ್ ಗೀಸರ್ ಹಾಕಿರುತ್ತಾರೆ. ಕಾಲುಭಾಗ ತುಂಬುವಷ್ಟರಲ್ಲಿ ತಣ್ಣೀರು ಶುರು. ಬಿಸಿನೀರು ಬಾಯ್ಲರಿನದೋ, ದೊಡ್ಡ ಟ್ಯಾಂಕಿನದೋ, ಎಷ್ಟು ಲೀಟರ್ ಅಂತ ಕೇಳಿ. ಬರೀ ಸೋಲಾರ್ ಅಂದರೆ ಜುಲೈನಲ್ಲಿ ಸ್ನಾನಕ್ಕೂ ಕಷ್ಟ.

ನಾಪೋಕ್ಲು ದಾರಿ

ಜುಲೈ ಕೊಡಗಿನಲ್ಲಿ ಅತಿ ಹೆಚ್ಚು ಮಳೆಯ ತಿಂಗಳು. ಒಂದು ಮರ ತಂತಿ ಮೇಲೆ ಬಿದ್ದರೆ ತೋಟದೊಳಗೆ ಎರಡು ಮೂರು ದಿನ ಕರೆಂಟ್ ಬರದಿರುವುದು ಹೊಸದಲ್ಲ. ವಿದ್ಯುತ್ ಕಂಪನಿ ಸೆಸ್ಕ್‌ನವರು ಮೊದಲು ಮುಖ್ಯ ಲೈನ್ ಸರಿಮಾಡುತ್ತಾರೆ, ಒಂಟಿ ರೆಸಾರ್ಟಿನ ಸರದಿ ಕೊನೆಗೆ. ಜನರೇಟರ್ ಇದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಎಷ್ಟು ಗಂಟೆ, ಏನೇನು ಓಡಿಸುತ್ತದೆ ಅನ್ನುವುದನ್ನು ಹೇಳುವುದಿಲ್ಲ. ಬಹಳ ಕಡೆ ಲೈಟು, ಫ್ಯಾನು, ಚಾರ್ಜರ್ ಅಷ್ಟೇ. ಗೀಸರ್, ಹೀಟ್ ಪಂಪ್ ಜನರೇಟರ್ ಲೈನಿನಲ್ಲಿ ಇರುವುದೇ ಇಲ್ಲ. ಪೂಲಿನ ಪಂಪ್ ನಿಂತರೆ ನೀರು ಸುತ್ತುವುದಿಲ್ಲ. ಮೇಲೆ ಒಂದೇ ದಿನ 100 ಮಿ.ಮೀ. ಮಳೆ ಸುರಿದರೆ ಪಂಪ್‌ಹೌಸ್ ಅವರು ಹೇಳಿದ ಅಳತೆಯ ಪೂಲಿಗೆ 1,800 ಲೀಟರ್ ಮಳೆನೀರು ಸೇರಿ ಕ್ಲೋರಿನ್ ತೆಳುವಾಗುತ್ತದೆ. ಎರಡು ದಿನದಲ್ಲಿ ನೀರು ಹಸಿರು.

ದಾರಿ: ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ ಮೇಲೆ ಕಕ್ಕಬ್ಬೆಗೆ ಬನ್ನಿ. ಮೂರ್ನಾಡು–ನಾಪೋಕ್ಲು ರಸ್ತೆಗೆ ಜೋರು ಮಳೆಯಲ್ಲಿ ಕಾವೇರಿ ನೀರು ಹತ್ತುತ್ತದೆ. ಮ್ಯಾಪ್ ನಂಬಿ ನಾಗರಹೊಳೆ–ಕುಟ್ಟ ರಸ್ತೆಗೆ ತಿರುಗಬೇಡಿ. ಅದು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್, ಮೇಲಾಗಿ ನಿಮಗದು ಸುತ್ತು. ಬೆಂಗಳೂರನ್ನು 6 ಗಂಟೆಗೆ ಬಿಟ್ಟು ಬೆಳಕಿರುವಾಗಲೇ ತಲುಪಿ. ಕತ್ತಲಲ್ಲಿ ಮಂಜೂ ಇರುತ್ತದೆ, ತೋಟದ ರಸ್ತೆಯಲ್ಲಿ ಆನೆಯೂ ಇರಬಹುದು.

ಕೊನೆಯ ಒಂದೆರಡು ಕಿಲೋಮೀಟರ್ ಕಾಂಕ್ರೀಟಾ, ಮಣ್ಣಾ ಕೇಳಿ. ಮಣ್ಣಾದರೆ ಸೆಡಾನ್ ಕಾರು ಗೇಟಿನಲ್ಲೇ ನಿಲ್ಲುತ್ತದೆ, ಅಲ್ಲಿಂದ ಜೀಪು. ಹಿಂಬದಿಯ ಎತ್ತರದ ಮೆಟ್ಟಿಲು ಹತ್ತಿ ಅಡ್ಡ ಸೀಟಿನಲ್ಲಿ ಕುಲುಕಿಸಿಕೊಂಡು ಹೋಗುವುದು ಮಂಡಿನೋವಿನವರಿಗೆ ಆಗುವ ಮಾತಲ್ಲ.

ಕಾಳುಮೆಣಸು

ನಿಶ್ಶಬ್ದಕ್ಕಾಗಿ ಹೋಗುವವರು ತೋಟದ ಕ್ಯಾಲೆಂಡರ್ ನೋಡುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಅರೇಬಿಕಾ ಕೊಯ್ಲು. ಹತ್ತಿರ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಇದ್ದರೆ ಸದ್ದು, ಜೊತೆಗೆ ಅದರ ನೀರಿನ ಹುಳಿತ ವಾಸನೆ. ರೊಬಸ್ಟಾ ಕೊಯ್ಲು ಮುಗಿದ ಮೇಲೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ನೀರು ಬಿಡುತ್ತಾರೆ. ಡೀಸೆಲ್ ಪಂಪು ರಾತ್ರಿಯಿಡೀ ಓಡುತ್ತದೆ. ರೆಸಾರ್ಟಿನವರದ್ದಲ್ಲದಿದ್ದರೂ ಪಕ್ಕದ ತೋಟದ್ದು ಕೇಳಿಸುತ್ತದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ತೋಟ ಇರುವುದೇ ಕಾಫಿಗೆ.

ಕಾಫಿ ಹೂವು ನೋಡಲೆಂದೇ ಮುಂಚೆಯೇ ಬುಕ್ ಮಾಡುವುದು ಜೂಜು. ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಅರಳುತ್ತದೆ, ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ಮಳೆ ಬಿದ್ದ ಸುದ್ದಿ ಕೇಳಿದ ಮೇಲೆ ವಾರದ ಮಧ್ಯದ ದಿನಗಳಿಗೆ ಫೋನ್ ಮಾಡಿ.

ಇನ್ನೊಂದು: ಆರೇ ವಿಲ್ಲಾ ಇರುವ ಕಡೆ ಒಂದು ಗುಂಪು ಐದನ್ನು ಹಿಡಿದರೆ ಆರನೆಯವರಿಗೆ ನಿದ್ದೆಯಿಲ್ಲ. ಆ ತಾರೀಖಿಗೆ ಗ್ರೂಪ್ ಬುಕಿಂಗ್, ಮದುವೆ, ಡಿಜೆ ಇದೆಯಾ ಅಂತ ನೇರವಾಗಿ ಕೇಳಿ.

ನೂಪುಟ್ಟು

ಊಟಕ್ಕೆ ಎಪಿ ಪ್ಲಾನ್, ಅಂದರೆ ಮೂರು ಹೊತ್ತೂ ಸೇರಿದ್ದೇ ತಗೊಳ್ಳಿ. ಸಿಪಿ ಅಂದರೆ ಬೆಳಗಿನ ತಿಂಡಿ ಮಾತ್ರ. ಹೊರಗೆ ಊಟಕ್ಕೆ ವಿರಾಜಪೇಟೆಗೆ ಅಂಕುಡೊಂಕು ರಸ್ತೆಯಲ್ಲಿ ಹೋಗಿ ಬರಬೇಕು. ಇಷ್ಟು ಸಣ್ಣ ಜಾಗದಲ್ಲಿ ಮೆನು ಕಾರ್ಡ್ ಇರುವುದಿಲ್ಲ, ಎಷ್ಟು ತಲೆಯೋ ಅಷ್ಟೇ ಸಾಮಾನು ತರಿಸುತ್ತಾರೆ. ಹಾಗಾಗಿ ಅಪ್ಪನ ವಿಷಯ ಎರಡು ದಿನ ಮುಂಚೆ ಹೇಳಿ: ಪಾತ್ರೆ, ಸೌಟು ಬೇರೆ ಬೇಕು ಅನ್ನುವುದನ್ನೂ. ನೂಪುಟ್ಟು (ಅಕ್ಕಿ ಶಾವಿಗೆ), ಕಡಂಬುಟ್ಟು (ಅಕ್ಕಿತರಿ ಉಂಡೆ), ಅಕ್ಕಿರೊಟ್ಟಿ ಸಸ್ಯಾಹಾರವೇ, ಜೊತೆಗೆ ಬೈಂಬಳೆ (ಬಿದಿರ ಕಳಲೆ) ಕರಿ, ಕೆಸುವಿನ ಸೊಪ್ಪು, ಅಣಬೆ ಕೇಳಬಹುದು. ಕೇಳದಿದ್ದರೆ ಎರಡು ದಿನವೂ ಪನೀರೇ ಬರುತ್ತದೆ.

ಜುಲೈ ಕೊನೆ, ಆಗಸ್ಟ್ ಮೊದಲ ವಾರವಾದರೆ ಕಕ್ಕಡ, ಅಂದರೆ ಕೊಡವರ ಮಳೆಗಾಲದ ತಿಂಗಳು. ಮದ್ದುಸೊಪ್ಪಿನ ನೇರಳೆ ಪಾಯಸ ಕೊಟ್ಟಾರು. ತಿಂದ ಮೇಲೆ ಮೂತ್ರ ಕೆಂಪಗಾಗುತ್ತದೆ, ಹಿರಿಯರಿಗೆ ಮುಂಚೆಯೇ ಹೇಳಿಡಿ, ಗಾಬರಿಯಾಗುತ್ತಾರೆ.

ಹಾಸನದ ಹುಡುಗಿ

ಎಲ್ಲರಿಗೂ ಧನ್ಯವಾದ. ಪಂಪ್‌ಹೌಸ್ ಸರ್, ಹಾಗಾದರೆ ಜುಲೈ ಕೈಬಿಡೋದೇ ವಾಸಿಯಾ? ಇಬ್ಬರು ಇಬ್ಬರಂತೆ ಎರಡು ವಿಲ್ಲಾ ಬೇಕು, ದುಡ್ಡಿನ ವ್ಯತ್ಯಾಸ ದೊಡ್ಡದು.

ಪಂಪ್‌ಹೌಸ್

ನಿಮ್ಮ ಕೇಸಿನಲ್ಲಿ ಕೈಬಿಡಿ. ಮಳೆ ನೋಡುತ್ತಾ ವರಾಂಡದಲ್ಲಿ ಕೂರುವುದೇ ಆಸೆಯಾದರೆ ಪೂಲ್ ಇಲ್ಲದ ಜಾಗಕ್ಕೆ ಅರ್ಧ ದುಡ್ಡಿಗೆ ಹೋಗಬಹುದು. ಕ್ರಿಸ್‌ಮಸ್ ರಜೆ ಶುರುವಾಗುವ ಮುಂಚೆ, ನವೆಂಬರ್ ಮಧ್ಯದಿಂದ ವಾರದ ದಿನಗಳಿಗೆ ಚೌಕಾಸಿ ಮಾಡಿ, 18,000 ಇಳಿಯುತ್ತದೆ. ತೆರಿಗೆ ಸೇರಿಸಿಯೇ ಲೆಕ್ಕ ಹಾಕಿ: ರಾತ್ರಿಗೆ 7,500 ದಾಟಿದರೆ ಜಿಎಸ್‌ಟಿ 18%, ಹಾಗಾಗಿ 18,000 ಅಂದರೆ 21,240.

ನಾಪೋಕ್ಲು ದಾರಿ

ವಿಲ್ಲಾ ಆರಿಸುವಾಗ ನೋಟ ಬಿಡಿ, ಊಟದ ಮನೆಗೆ ಹತ್ತಿರದ್ದು ಕೇಳಿ. ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯಾ, ಇಳಿಜಾರಿಗೆ ಬಗ್ಗಿ ಗಾಡಿ ಇದೆಯಾ ಅಂತ ವಿಡಿಯೋ ಕಳಿಸಲು ಹೇಳಿ. ನವೆಂಬರ್‌ನಲ್ಲೂ ಕಲ್ಲು ಹಾಸಿನ ಮೇಲೆ ಪಾಚಿ ಉಳಿದಿರುತ್ತದೆ. ಡ್ರೈವರ್‌ಗೆ ಮಲಗಲು ಜಾಗ, ಊಟ ಇದೆಯಾ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ, ಇಲ್ಲದಿದ್ದರೆ ಪಾಪ ಆತ ಕಾರಿನಲ್ಲೇ ಚಳಿಗೆ ನಡುಗಬೇಕು. ಒಳಗೆ ಮೊಬೈಲ್ ಸಿಗ್ನಲ್ ಇಲ್ಲದೆ ಯುಪಿಐ ಕೈಕೊಡಬಹುದು, ನಗದು ಇಟ್ಟುಕೊಳ್ಳಿ.

ಮುಂಗಡ ಕೊಡುವ ಮುಂಚೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ: ರಸ್ತೆ ಬಂದ್ ಆದರೆ, ಅಥವಾ ಜಿಲ್ಲಾಡಳಿತ ಪ್ರವಾಸಿಗರನ್ನು ತಡೆದರೆ, ಹಣ ವಾಪಸೋ ತಾರೀಖು ಬದಲೋ. 2018ರ ಆಗಸ್ಟ್ ಭೂಕುಸಿತದ ನಂತರ ಅಂಥ ತಡೆ ಇತ್ತು. ಹೀಟ್ ಪಂಪ್ ಕೆಟ್ಟಿದ್ದರೆ ಎಷ್ಟು ಕಡಿತ ಅನ್ನುವುದನ್ನೂ ಅದೇ ಮೆಸೇಜಿನಲ್ಲಿ ಹಾಕಿಸಿ.