ಅದು ಅಡಿಕೆ ಮರವೇ ಅಲ್ಲ

ನಮ್ಮ 'ಹಳೇಮನೆ ಬಳಗ'ದಲ್ಲಿ 34 ಜನ. ಬೆಳಗ್ಗೆ ಆರಕ್ಕೆ ಶುಭೋದಯದ ಹೂವು, ರಾತ್ರಿ ಹತ್ತಕ್ಕೆ ಅಡಿಕೆ ರೇಟು, ಮಧ್ಯೆ ಯಾರದ್ದೋ ಮನೆಯ ಹಲಸಿನ ಹಪ್ಪಳ. ಅಡ್ಮಿನ್ ನಾನು. ಜಗಳ ಬಿಡಿಸುವ ಕೆಲಸವೂ ನನ್ನದೇ. ಮೊನ್ನೆ ಭಾನುವಾರ, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಮಾಣಿ ಒಂದು ವಿಡಿಯೋ ಹಾಕಿದ. ಅಲ್ಲಿಂದ ಶುರುವಾದದ್ದು ಬುಧವಾರದವರೆಗೂ ನಡೆಯಿತು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇವೆ. ಸ್ಟಿಕ್ಕರ್‌ಗಳನ್ನೂ 'ಸೂಪರ್ ಮಾಣಿ'ಗಳನ್ನೂ ತೆಗೆದಿದ್ದೇನೆ.

ಮಾಣಿ: ನನ್ನ ಮೊದಲ ಡೆಮೊ. ಹೆಸರು 'ಆಗುಂಬೆ'. ಮೂರು ನಿಮಿಷ. ಯುರೋಪಿನ ಒಂದು ಡೆಮೊ ಪಾರ್ಟಿಯ, ಅಂದರೆ ಡೆಮೊ ಮಾಡುವವರ ಕೂಟದ, ಸ್ಪರ್ಧೆಗೆ ಕಳಿಸುತ್ತಿದ್ದೇನೆ. ಹೆಡ್‌ಫೋನ್ ಹಾಕಿಕೊಂಡು ನೋಡಿ.

ಬೆಂಗಳೂರು ಭಾವ: ಭಾರಿ ಇದೆ ಮಾರಾಯ. ಡೆಮೊ ಅಂದರೆ ಇನ್ನೂ ಪೂರ್ತಿ ಆಗಿಲ್ಲ ಅಂತಲಾ?

ಮಾಣಿ: ಪೂರ್ತಿ ಆಗಿದೆ ಭಾವ. ಅದರ ಹೆಸರೇ ಡೆಮೊ. ಇದು ವಿಡಿಯೋ ಅಲ್ಲ, ಪ್ರೋಗ್ರಾಂ. ಓಡಿಸಿದಾಗ ಕಂಪ್ಯೂಟರ್ ಅಲ್ಲಲ್ಲೇ ಲೆಕ್ಕ ಹಾಕಿ ಚಿತ್ರ ಬಿಡಿಸುತ್ತಾ ಹೋಗುತ್ತದೆ. ನಿಮ್ಮ ಫೋನಿನಲ್ಲಿ ಓಡುವುದಿಲ್ಲ ಅಂತ ರೆಕಾರ್ಡ್ ಮಾಡಿ ಹಾಕಿದೆ.

ಹೊಸನಗರ ಅತ್ತಿಗೆ: ಅಂದರೆ ಯಕ್ಷಗಾನದ ಆಟವನ್ನು ರಂಗಸ್ಥಳದ ಎದುರು ಕೂತು ನೋಡುವುದಕ್ಕೂ ಮೊಬೈಲಿನಲ್ಲಿ ನೋಡುವುದಕ್ಕೂ ಇರುವ ವ್ಯತ್ಯಾಸ ಅಲ್ವಾ?

ಮಾಣಿ: ಹೌದು ಅತ್ತಿಗೆ, ಅದೇ! ಕೆಲವು ವಿಭಾಗಗಳಲ್ಲಿ ಚಿತ್ರ, ಸಂಗೀತ ಎಲ್ಲ ಸೇರಿ ಇಡೀ ಫೈಲು 64 ಕೆಬಿ ಒಳಗೆ ಇರಬೇಕು. ಇನ್ನು ಕೆಲವಕ್ಕೆ ಬರೀ 4 ಕೆಬಿ. 2000ದಲ್ಲಿ ಜರ್ಮನಿಯ ಫಾರ್ಬ್‌ರಾಶ್ ಅನ್ನುವ ತಂಡ 64 ಕೆಬಿಯಲ್ಲಿ ಹತ್ತು ನಿಮಿಷಕ್ಕೂ ಜಾಸ್ತಿ ಓಡುವುದೊಂದನ್ನು ಮಾಡಿತ್ತು. ಮಾವ ದಿನಾ ಕಳಿಸುವ ಶುಭೋದಯದ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತದೆ. ನನ್ನದಕ್ಕೆ ಸೈಜಿನ ಮಿತಿ ಇಲ್ಲ. ಅದು ಬೇರೆ ವಿಭಾಗ.

ಇಲ್ಲಿವರೆಗೆ ಎಲ್ಲ ಚೆನ್ನಾಗಿತ್ತು. ರಾತ್ರಿ ಒಂಬತ್ತೂವರೆಗೆ ಮಾವ ಬಂದರು.

ತೀರ್ಥಹಳ್ಳಿ ಮಾವ: ಈಗ ನೋಡಿದೆ. ಮರ ಹತ್ತುವ ಕೊನೆಗೌಡ ಔಷಧಿ ಹೊಡೆಯಲು ಇವತ್ತೇ ಸಿಕ್ಕಿದ್ದು, ಬೆಳಗ್ಗಿಂದ ತೋಟದಲ್ಲೇ ಇದ್ದೆ. ಮಳೆ ಚೆನ್ನಾಗಿ ಬಂದಿದೆ. ಮಂಜೂ ಸರಿ. ಒಂದು ನಿಮಿಷ ಹತ್ತು ಸೆಕೆಂಡಿಗೆ ಬರುವ ಮರ ಯಾವುದು?

ಮಾಣಿ: ಅಡಿಕೆ ಮಾವ. ನಮ್ಮ ತೋಟ ಅಂದುಕೊಂಡೇ ಮಾಡಿದ್ದು.

ತೀರ್ಥಹಳ್ಳಿ ಮಾವ: ಅಡಿಕೆ ಅಲ್ಲ.

ತೀರ್ಥಹಳ್ಳಿ ಮಾವ: ಸೋಗೆಯ ಬುಡದ ಹಾಳೆ ಎಲ್ಲಿ?

ತೀರ್ಥಹಳ್ಳಿ ಮಾವ: ಕಾಯಿ ಬಿಡುವ ಕೊನೆ ಸೋಗೆಯ ಮಧ್ಯದಿಂದ ಇಳಿದಿದೆ. ಅಡಿಕೆಯಲ್ಲಿ ಹಾಳೆ ಕಳಚಿ ಬಿದ್ದ ಮೇಲೆ ಆ ಜಾಗದಲ್ಲಿ ಹಿಂಗಾರ ಒಡೆಯುತ್ತದೆ. ಹಾಗಾಗಿ ಕೊನೆ ಯಾವತ್ತೂ ಹಸಿರು ಹಾಳೆಯ ಕೆಳಗೆ. ಇದು ತೆಂಗಿನ ಮರವನ್ನು ಹಿಡಿದು ಉದ್ದಕ್ಕೆ ಜಗ್ಗಿದ ಹಾಗಿದೆ.

'ಮಾಣಿ ಟೈಪಿಂಗ್' ಅಂತ ಐದು ನಿಮಿಷ ತೋರಿಸಿತು. ಹೋಯಿತು. ಮತ್ತೆ ಬಂತು.

ಮಾಣಿ: ಮರ ನಾನು ಮಾಡಿದ್ದಲ್ಲ ಮಾವ. ರೆಡಿಮೇಡ್ ಚಿತ್ರ, ಮಾಡೆಲ್ ಮಾರುವ ಸ್ಟಾಕ್ ಸೈಟಿನಿಂದ ತಗೊಂಡ 3ಡಿ ಮಾಡೆಲ್. 'ಟ್ರಾಪಿಕಲ್ ಪಾಮ್' ಅಂತ ಹನ್ನೆರಡು ಮರದ ಪ್ಯಾಕ್ ಇತ್ತು. ಅದರಲ್ಲಿ ಸಪೂರ ಇದ್ದದ್ದನ್ನು ಆರಿಸಿ ಇನ್ನಷ್ಟು ಸಪೂರ ಮಾಡಿದೆ. ದುಡ್ಡು ಕೊಟ್ಟೇ ತಗೊಂಡದ್ದು.

ತೀರ್ಥಹಳ್ಳಿ ಮಾವ: ಚೆಂಡೆ?

ಮಾಣಿ: ಅದೂ ಪ್ಯಾಕ್.

ತೀರ್ಥಹಳ್ಳಿ ಮಾವ: ಅದಕ್ಕೇ ಕಿವಿಗೆ ಹೊಂದಲಿಲ್ಲ. ನಮ್ಮ ಬಡಗುತಿಟ್ಟು ಯಕ್ಷಗಾನದ ಚೆಂಡೆ ಸಣ್ಣದು, ಶ್ರುತಿ ಏರು. ಇದು ಕೇರಳದ ಕಡೆಯ ಚೆಂಡೆ. ಅಟ್ಟದ ಮೇಲೆ ನನ್ನ ಚೆಂಡೆ ಇಟ್ಟುಕೊಂಡು ಪ್ಯಾಕೆಟ್ ಚೆಂಡೆ ತಂದೆಯಾ?

ಸೋಮವಾರ ಬೆಳಗ್ಗೆ ಬೆಂಗಳೂರು ಎದ್ದಿತು. ಭಾವ ಜಾಹೀರಾತಿನ ಕೆಲಸದಲ್ಲಿರುವವರು. ಮಾವನಿಗೆ ಅಳಿಯ. ಹಾಗಾಗಿ ಮಾತು ಮೆತ್ತಗಿರುತ್ತದೆ, ಬಿಟ್ಟುಕೊಡುವುದು ಮಾತ್ರ ಕಡಿಮೆ.

ಬೆಂಗಳೂರು ಭಾವ: ಮಾವ, ನೀವು ಹೇಳಿದ್ದು ಸರಿ, ಮರ ತಪ್ಪಿದೆ. ಆದರೆ ಸ್ಟಾಕ್ ತಗೊಂಡದ್ದೇ ತಪ್ಪು ಅನ್ನುವ ಹಾಗೆ ಕೇಳಿಸುತ್ತಿದೆ. ದುಡ್ಡು ಕೊಟ್ಟಿದ್ದಾನೆ, ಲೈಸೆನ್ಸ್ ಇದೆ. ಇನ್ನೇನು ಬೇಕು? ನಮ್ಮ ಕಡೆ ಸ್ಟಾಕ್ ಫೋಟೋ ಇಲ್ಲದೆ ದಿನ ಹೋಗುವುದಿಲ್ಲ. ಬಡಗಿ ಬಾಗಿಲು ಮಾಡುತ್ತಾನೆ. ಮೊಳೆಯನ್ನೂ ಅವನೇ ಮಾಡಬೇಕಾ?

ಹೊಸನಗರ ಅತ್ತಿಗೆ: ಭಾವ, ನಮ್ಮ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರೆ ಮಕ್ಕಳು ಅಂಗಡಿಯಿಂದ ಚಾರ್ಟ್ ತಂದು ಚಿತ್ರ ಕತ್ತರಿಸಿ ಅಂಟಿಸುತ್ತಾರೆ. ಹೃದಯದ ಚಿತ್ರ, ಗಾಂಧೀಜಿ ಚಿತ್ರ, ಎಲ್ಲ ಸಿಗುತ್ತದೆ. ಕಳ್ಳತನ ಅಲ್ಲ, ದುಡ್ಡು ಕೊಟ್ಟಿದ್ದಾರೆ. ಮಾಹಿತಿ ಸಂಗ್ರಹಿಸಿ ಅಂತ ನಾನು ಹೇಳಿದ್ದರೆ ಅಂಟಿಸಲಿ. ಚಿತ್ರ ಬಿಡಿಸಿ ಅಂತ ಹೇಳಿದ್ದರೆ? ಅಂಗಡಿಯವನ ಬಾಕಿ ತೀರಿತು, ನನ್ನದು ತೀರಲಿಲ್ಲ.

ಬೆಂಗಳೂರು ಭಾವ: ಹಾಗಾದರೆ ಸ್ಪರ್ಧೆಯವರು ಏನು ಹೇಳಿದ್ದಾರೆ? ಮಾಣಿ, ನಿಯಮ ಹಾಕು.

ಮಾಣಿ: ನನ್ನ ವಿಭಾಗದಲ್ಲಿ ಸ್ಟಾಕ್ ಬೇಡ ಅಂತ ಇಲ್ಲ. ಬಳಸಿದ್ದಕ್ಕೆಲ್ಲ ಹಕ್ಕು ಇರಬೇಕು, ಅಷ್ಟೇ. ಗ್ರಾಫಿಕ್ಸ್ ವಿಭಾಗ ಬೇರೆ. ಅಲ್ಲಿ ಹಲವು ಪಾರ್ಟಿಗಳಲ್ಲಿ ಚಿತ್ರದ ಜೊತೆಗೆ ಅದು ಬೆಳೆದ ಹಂತಗಳನ್ನೂ ಕಳಿಸಬೇಕು. ಮೊದಲ ಗೆರೆ, ಅರ್ಧ ಬಣ್ಣ, ಹಾಗೆ.

ಹೊಸನಗರ ಅತ್ತಿಗೆ: ನಾನು ಮಕ್ಕಳ ಹತ್ತಿರ ರಫ್ ಪುಸ್ತಕ ಕೇಳುವುದೂ ಅದಕ್ಕೇ. ಅವರಿಗೆ ಯಾಕೆ ಅಷ್ಟು ಅನುಮಾನ?

ಮಾಣಿ: ಅದೊಂದು ದೊಡ್ಡ ಕಥೆ. ಹೇಳಲಾ?

ಯಾರೂ ಹೇಳು ಅನ್ನಲಿಲ್ಲ. ಆದರೂ ಹೇಳಿದ.

ಮಾಣಿ: 1980ರ ದಶಕದಲ್ಲಿ ಕಮಡೋರ್ 64 ಅನ್ನುವ ಮನೆ ಕಂಪ್ಯೂಟರ್ ಇತ್ತು. ಅದರ ಗೇಮ್‌ಗಳಿಗೆ ಕಾಪಿ ಆಗದ ಹಾಗೆ ಬೀಗ ಹಾಕಿರುತ್ತಿದ್ದರು. ಯುರೋಪಿನ ಹುಡುಗರು ಆ ಬೀಗ ಒಡೆದು ಹಂಚುತ್ತಿದ್ದರು. ಒಡೆದದ್ದು ನಾವೇ ಅಂತ ಗೇಮ್ ಶುರುವಾಗುವ ಮೊದಲು ಹೆಸರು ಕುಣಿಸುವ ಸಣ್ಣ ಪ್ರೋಗ್ರಾಂ ಸೇರಿಸುತ್ತಿದ್ದರು. ಆಮೇಲೆ ಆ ಕುಣಿತವೇ ಗೇಮಿಗಿಂತ ಚಂದ ಆಯಿತು. ಗೇಮ್ ಬಿಟ್ಟು ಬರೀ ಅದನ್ನೇ ಮಾಡತೊಡಗಿದರು. ಅದೇ ಡೆಮೊ.

ಬೆಂಗಳೂರು ಭಾವ: ಅಂದರೆ ಮೂಲದಲ್ಲಿ ಕಳ್ಳರ ಸಂಘ! ಅವರು ನಿನಗೆ ನೀತಿ ಹೇಳುವುದಾ?

ಮಾಣಿ: ಅವರಲ್ಲಿ ಇನ್ನೊಬ್ಬರ ಕೆಲಸ ತನ್ನದು ಅನ್ನುವವನಿಗೆ ರಿಪ್ಪರ್ ಅನ್ನುತ್ತಾರೆ. ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ ಭಾವ.

ಸಾಗರ ಚಿಕ್ಕಮ್ಮ: ಕಂಪನಿಯದ್ದನ್ನು ಕದ್ದರೆ ಶೂರ, ಜೊತೆಯವನದ್ದನ್ನು ಕದ್ದರೆ ಕಳ್ಳ. ಊರಲ್ಲೂ ಹಾಗೇ ಅಲ್ವಾ? ಕಾಡಿನಿಂದ ಸೊಪ್ಪು ತಂದರೆ ಯಾರೂ ಕೇಳುವುದಿಲ್ಲ. ಪಕ್ಕದ ತೋಟದ ಒಂದು ಗೋಟಡಿಕೆ ಹೆಕ್ಕಿದರೆ ಮೂರು ತಲೆಮಾರು ಮಾತು ಬಿಡುತ್ತಾರೆ.

(ಚಿಕ್ಕಮ್ಮ ಯಾರ ಮನೆಯ ವಿಷಯ ಹೇಳಿದರು ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಆ ಮನೆಯವರೂ ಇದೇ ಗುಂಪಿನಲ್ಲಿದ್ದಾರೆ. ಮುಂದೆ ಹೋಗೋಣ.)

ಮಾಣಿ: 90ರ ದಶಕದಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ಬೋರಿಸ್ ವಯೇಹೊ ಅನ್ನುವ ಚಿತ್ರಕಾರನ ಚಿತ್ರಗಳನ್ನು ನೋಡಿ ಬಿಡಿಸುವುದು ಜೋರಿತ್ತು. ಖಡ್ಗ ಹಿಡಿದ ವೀರರು, ಡ್ರ್ಯಾಗನ್, ಅಂಥವು. ಇರುವ ಕೆಲವೇ ಬಣ್ಣದಲ್ಲಿ, ಮೌಸ್ ಹಿಡಿದು, ಒಂದೊಂದೇ ಚುಕ್ಕಿ ಇಡಬೇಕು. ಚಿತ್ರ ಅವನದ್ದು, ಚುಕ್ಕಿ ಇಡುವ ಕೈ ನಿನ್ನದು ಅಂತ ಒಪ್ಪುತ್ತಿದ್ದರು. ಸ್ಕ್ಯಾನರ್ ಬಂದ ಮೇಲೆ ಕೈಯೂ ಯಾರದ್ದು ಅಂತ ಗೊತ್ತಾಗದ ಹಾಗಾಯಿತು. ಆಗ ಶುರುವಾದ ಅನುಮಾನ ಇನ್ನೂ ಇದೆ.

ಬೆಂಗಳೂರು ಭಾವ: ಸಂಗೀತಕ್ಕೂ ಹಾಗೇ ಕೇಳುತ್ತಿದ್ದರಾ?

ಮಾಣಿ: ಇಲ್ಲ! ನಾನು ಹೇಳಬೇಕು ಅಂತಿದ್ದದ್ದೇ ಅದು. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅನ್ನುವವರು ಅಮಿಗಾಕ್ಕೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಅಂತ ಹಾಡು ಕಟ್ಟುವ ಒಂದು ಪ್ರೋಗ್ರಾಂ ಮಾಡಿದರು. ಬರೀ ನಾಲ್ಕು ಚಾನೆಲ್, ಅಂದರೆ ಒಮ್ಮೆಗೆ ನಾಲ್ಕೇ ಸ್ವರ. ಅದರ ಜೊತೆ ಎಸ್‌ಟಿ-01 ಅಂತ ಸ್ವರಗಳ ಡಿಸ್ಕ್ ಬರುತ್ತಿತ್ತು. ಎಲ್ಲರೂ ಅದೇ ಡ್ರಮ್, ಅದೇ ಬೇಸ್ ಬಳಸಿ ಸಾವಿರಾರು ಹಾಡು ಕಟ್ಟಿದರು. 4 ಕೆಬಿ ಮಾಡುವವರಲ್ಲಿ ಕೆಲವರು ವಿಂಡೋಸ್ ಒಳಗೇ ಇರುವ ಜಿಎಂ.ಡಿಎಲ್‌ಎಸ್ ಅನ್ನುವ ಫೈಲಿನಿಂದ ವಾದ್ಯದ ಸ್ವರ ಎತ್ತುತ್ತಾರೆ. ಅದು ರೋಲ್ಯಾಂಡ್ ಕಂಪನಿಯ ಸ್ವರ. ಯಾರೂ ರಿಪ್ಪರ್ ಅನ್ನುವುದಿಲ್ಲ. ಹಾಗಿದ್ದ ಮೇಲೆ ನನ್ನ ಪ್ಯಾಕ್ ಯಾಕೆ ತಪ್ಪು?

ಬೆಂಗಳೂರು ಭಾವ: ಕೇಳಿದ್ರಾ ಎಲ್ಲರೂ? ಕೇಸ್ ಮುಗಿಯಿತು.

ಹೊಸನಗರ ಅತ್ತಿಗೆ: ಮುಗಿದಿಲ್ಲ. ಆ ಡಿಸ್ಕ್ ಎಲ್ಲರ ಮನೆಯಲ್ಲೂ ಇತ್ತಲ್ಲ ಮಾಣಿ. ಕೇಳಿದ ತಕ್ಷಣ, ಓ ಇದು ಆ ಡ್ರಮ್ ಅಂತ ಅವರಿಗೆ ಗೊತ್ತಾಗುತ್ತಿತ್ತು. ಯಾರೂ ಯಾರಿಗೂ ಟೋಪಿ ಹಾಕಲಿಲ್ಲ. ನಿನ್ನ ತೋಟ ನೋಡಿ ಯುರೋಪಿನವರು ಏನು ಅಂದುಕೊಳ್ಳುತ್ತಾರೆ? ಈ ಹುಡುಗ ತನ್ನ ಊರಿನ ಮರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾನೆ ಅಂತ ಅಲ್ವಾ?

ಮಾಣಿ ಉತ್ತರ ಕೊಡಲಿಲ್ಲ. ವಿಷಯ ಬದಲಿಸಲು ನೋಡಿದ ಅಂತ ಕಾಣುತ್ತದೆ. 2020ರಲ್ಲಿ ಫಿನ್‌ಲ್ಯಾಂಡ್ ಡೆಮೊಸೀನನ್ನು, ಅಂದರೆ ಈ ಡೆಮೊ ಮಾಡುವವರ ಲೋಕವನ್ನು, ಯುನೆಸ್ಕೋ ಪರಂಪರೆ ಪಟ್ಟಿಗೆ ಸೇರಿಸಿದೆ ಅಂತ ಹಾಕಿದ. ಅಲ್ಲಿಗೆ ಗುಂಪು ಅರ್ಧ ಗಂಟೆ ಕೈತಪ್ಪಿತು. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೋ ಪ್ರಶಸ್ತಿ ಬಂತು ಅನ್ನುವ ಸುಳ್ಳು ಸುದ್ದಿಯನ್ನು ಮಾವ ಈ ಗುಂಪಿಗೆ ಮೂರು ಸಲ ಕಳಿಸಿದ್ದಾರೆ. ಯುನೆಸ್ಕೋ ಅಂದರೆ ಸಾಕು, ಎಲ್ಲರೂ ನಗುವ ಮುಖ ಹಾಕುತ್ತಾರೆ. ಪಾಪ, ಮಾಣಿ ಹೇಳಿದ್ದು ನಿಜ. ಯುನೆಸ್ಕೋ ಒಪ್ಪಂದದಂತೆ ಆಯಾ ದೇಶ ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ. ಫಿನ್‌ಲ್ಯಾಂಡಿನ ಆ ಪಟ್ಟಿಗೆ ಸೇರಿತು. ಮರುವರ್ಷ ಜರ್ಮನಿಯದ್ದಕ್ಕೂ. ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ಕರೆಂಟ್ ಹೋಗಿತ್ತು.

ಮಂಗಳವಾರ ಚಿಕ್ಕಮ್ಮ ಉದ್ದದ ಮೆಸೇಜ್ ಹಾಕಿದರು. ಅವರು ಇಷ್ಟು ಬರೆದದ್ದನ್ನು ನಾನು ನೋಡಿರಲಿಲ್ಲ.

ಸಾಗರ ಚಿಕ್ಕಮ್ಮ: ಎರಡು ವರ್ಷದ ಹಿಂದೆ ಭೂಮಿ ಹುಣ್ಣಿಮೆಗೆ ನಾನು ಬಿಡಿಸಿದ ಬುಟ್ಟಿ ನೆನಪಿದೆಯಾ? ಚಿತ್ತಾರ ನಮ್ಮ ಮನೆಯದ್ದಲ್ಲ, ಪಕ್ಕದ ದೀವರ ಮನೆಯ ಅಮ್ಮನ ಹತ್ತಿರ ಕೂತು ಕಲಿತದ್ದು. ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಅಕ್ಕಿ ಹಿಟ್ಟಿನಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಎಳೆ ಎಳೆಯಬೇಕು. ಉಸಿರು ಬಿಟ್ಟರೆ ಗೆರೆ ಅಲುಗುತ್ತದೆ. ಎಡಗಡೆ ಒಂದು ಮೂಲೆಯಲ್ಲಿ ನನ್ನ ಗೆರೆ ಅಲುಗಿತ್ತು. ಆ ಬುಟ್ಟಿಯ ಫೋಟೋ ಆಮೇಲೆ ಒಂದು ಬಟ್ಟೆ ಅಂಗಡಿಯ ಬ್ಯಾನರಿನಲ್ಲಿ ಬಂತು. ಅಲುಗಿದ ಗೆರೆ ನೋಡಿ ನನ್ನದೇ ಅಂತ ಗೊತ್ತಾಯಿತು. ಆ ವಿನ್ಯಾಸ ನನ್ನದು ಅಂತ ನಾನು ಹೇಳಿದರೆ ನನ್ನ ನಾಲಿಗೆ ಬಿದ್ದು ಹೋಗಲಿ. ಅದು ಎಷ್ಟೋ ತಲೆಮಾರಿನ ಹೆಂಗಸರದ್ದು. ಆದರೆ ಆ ಬುಟ್ಟಿ ನಾನು ಬಿಡಿಸಿದ್ದು. ಕಲಿಸಿದ ಅಮ್ಮನಿಗೆ ತೋರಿಸಿದೆ. ಅವರು, ನಿನ್ನ ಹೆಸರೂ ಇಲ್ಲ ನನ್ನ ಹೆಸರೂ ಇಲ್ಲ, ಸೀರೆ ರೇಟು ಮಾತ್ರ ದೊಡ್ಡದಾಗಿದೆ ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಬೆಂಗಳೂರು ಭಾವ: ಚಿಕ್ಕಮ್ಮ, ಅದು ಖಂಡಿತ ತಪ್ಪು. ಅವರು ನಿಮಗೆ ದುಡ್ಡು ಕೊಡಬೇಕಿತ್ತು. ಮಾಣಿ ಕೊಟ್ಟಿದ್ದಾನಲ್ಲ, ಅದೇ ವ್ಯತ್ಯಾಸ.

ಸಾಗರ ಚಿಕ್ಕಮ್ಮ: ದುಡ್ಡು ಬೇಕು ಅಂತ ನಾನು ಎಲ್ಲಿ ಹೇಳಿದೆ?

ಬೆಂಗಳೂರು ಭಾವ: ಫೋಟೋ ಅವರಿಗೆ ಸಿಕ್ಕಿದ್ದಾದರೂ ಹೇಗೆ?

ಇದಕ್ಕೆ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆ ಫೋಟೋ ಮೊದಲು ಬಂದದ್ದು ಇದೇ ಗುಂಪಿನಲ್ಲಿ. ಎಷ್ಟು ಜನ ಫಾರ್ವರ್ಡ್ ಮಾಡಿದ್ದರೋ. ನಾನಂತೂ ಮಾಡಿದ್ದೆ.

ನನ್ನ ಅಭಿಪ್ರಾಯ ಕೇಳಿದರೆ, ಅತ್ತಿಗೆ ಹೇಳಿದ್ದರಲ್ಲಿ ಹುರುಳಿದೆ. ಲೈಸೆನ್ಸ್ ಅನ್ನುವುದು ಮಾರಿದವನ ಮತ್ತು ಮಾಣಿಯ ನಡುವಿನ ವಿಷಯ. ನೋಡುವವರಿಗೂ ಮಾಣಿಗೂ ನಡುವೆ ಇನ್ನೊಂದು ಲೆಕ್ಕ ಇದೆ, ಅದಕ್ಕೆ ರಶೀದಿ ಸಾಲದು. ಹಾಗಂತ ಭಾವನನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಮಳೆ, ಮಂಜು, ಬೆಳಕು ಎಲ್ಲ ಮಾಣಿ ಬರೆದ ಕೋಡು. ಹೆಂಚಿನ ಮೇಲೆ ನೀರು ಸಾಲಾಗಿ ಇಳಿಯುವುದಕ್ಕೇ ಮೂರು ವಾರ ಕೂತಿದ್ದನಂತೆ. ಒಂದು ಮರಕ್ಕಾಗಿ ಅದನ್ನೆಲ್ಲ ಸುಳ್ಳು ಅನ್ನುವುದು ನ್ಯಾಯ ಅಲ್ಲ.

ರಾತ್ರಿ ಮಾಣಿ ಬಂದ.

ಮಾಣಿ: ಕೊನೆಯಲ್ಲಿ ಹೆಸರು ಬರುವ ಕಡೆ ಹೀಗೆ ಹಾಕುತ್ತೇನೆ: 'ಮರ, ಚೆಂಡೆ: ಕೊಂಡದ್ದು. ಉಳಿದದ್ದು: ನಾನು.' ಸರಿಯಾ?

ಹೊಸನಗರ ಅತ್ತಿಗೆ: ನನ್ನ ಕಡೆಯಿಂದ ಪಾಸ್.

ತೀರ್ಥಹಳ್ಳಿ ಮಾವ: ಏನು ಬರೆದರೂ ಅದು ತೆಂಗೇ.

ಮಾಣಿ: ಮಾವ, ಹತ್ತು ದಿನ ಟೈಮಿದೆ. ಮರ ನಾನೇ ಮಾಡುತ್ತೇನೆ. ಫೋಟೋ ಕಳಿಸಿ. ಹಾಳೆ ಹತ್ತಿರದಿಂದ ಬೇಕು, ಕೊನೆಯದ್ದು ಕೆಳಗಿನಿಂದ.

ಬುಧವಾರ ಮಧ್ಯಾಹ್ನದ ಒಳಗೆ 47 ಫೋಟೋ ಬಂದವು. ಹಾಳೆ, ಹಿಂಗಾರ, ಮಳೆಗೆ ಕೊಟ್ಟೆ ಕಟ್ಟಿದ ಕೊನೆ, ಕಾಂಡದ ಮೇಲಿನ ಬಿಳಿ ಮಚ್ಚೆ, ಕೊಳೆ ರೋಗ ಬಂದು ಉದುರಿದ ಕಾಯಿ. ನಾಲ್ಕು ಫೋಟೋದಲ್ಲಿ ಮಾವನ ಹೆಬ್ಬೆರಳೂ ಇತ್ತು. ಒಂದರಲ್ಲಿ ಉಂಬಳ ಹತ್ತಿದ ಕಾಲು. ಅದು ಯಾಕೆ ಅಂತ ಗೊತ್ತಿಲ್ಲ.

ಬೆಂಗಳೂರು ಭಾವ: ಮಾಣಿ, ಒಂದು ಪ್ರಶ್ನೆ. ಮಾವನ ಫೋಟೋದಿಂದ ತೊಗಟೆಯ ಟೆಕ್ಸ್ಚರ್ ಮಾಡುತ್ತೀಯಲ್ಲ, ಅದೂ ಸ್ಟಾಕೇ ಅಲ್ವಾ? ತೆಗೆದವರು ನೀನಲ್ಲ.

ತೀರ್ಥಹಳ್ಳಿ ಮಾವ: ಅದು ನಾನು ಅವನಿಗೆ ಕೊಟ್ಟದ್ದು ಅಳಿಯಂದಿರೇ.

ಬೆಂಗಳೂರು ಭಾವ: ಸೈಟಿನವರೂ ಕೊಟ್ಟದ್ದೇ ಮಾವ. ದುಡ್ಡು ತಗೊಂಡರು, ಅಷ್ಟೇ.

ತೀರ್ಥಹಳ್ಳಿ ಮಾವ: ಅವರಿಗೆ ಅವನು ಯಾರು ಅಂತ ಗೊತ್ತಾ?

ಭಾವ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಒಪ್ಪಿದ್ದಕ್ಕೋ ಊಟಕ್ಕೆ ಎದ್ದದ್ದಕ್ಕೋ ಹೇಳಲಾಗದು.

ರಾತ್ರಿ ಎಂಟಕ್ಕೆ ಮಾವನಿಂದ ಒಂದು ವಾಯ್ಸ್ ಮೆಸೇಜ್ ಬಂತು. 14 ಸೆಕೆಂಡು. ಮೊದಲು ಹೆಂಚಿನ ಮೇಲೆ ಮಳೆ. ಆಮೇಲೆ ಚೆಂಡೆ, ಏರು ಶ್ರುತಿಯಲ್ಲಿ, ಬಿಡಿ ಬಿಡಿಯಾಗಿ. ಮಧ್ಯೆ ನಾಯಿ ಎರಡು ಸಲ ಬೊಗಳಿತು. ಅತ್ತೆ ಒಳಗಿನಿಂದ ಏನೋ ಕೇಳಿದರು.

ತೀರ್ಥಹಳ್ಳಿ ಮಾವ: ಮಾಣಿಗೆ ಮಾತ್ರ. ಬೇರೆ ಗುಂಪಿಗೆ ಯಾರೂ ಕಳಿಸಬೇಡಿ.

ಎಂಟೂ ಹತ್ತಕ್ಕೆ ನಮ್ಮ ಶಿವಮೊಗ್ಗದ ಮಹಿಳಾ ಮಂಡಳಿಯ ಗುಂಪಿನಲ್ಲಿ ಅದೇ 14 ಸೆಕೆಂಡು ಬಂತು. ಮೇಲೆ 'ಫಾರ್ವರ್ಡೆಡ್' ಅಂತ ಇತ್ತು. ಹಾಕಿದ್ದು ಸಾಗರ ಚಿಕ್ಕಮ್ಮ.